ಗದ್ದ ಎಲ್ಲಿದೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ರೇಡಿಯೋದಲ್ಲಿ ಕೂತು ರೇಡಿಯೋ ತರಂಗದ ಬಗ್ಗೆಯೇ ಮಾತಾಡುವ ಯೋಗ ಚರ್ಮದ ಡಾಕ್ಟರಿಗೆ ಎಷ್ಟು ಸಲ ಬರುತ್ತದೆ ಹೇಳಿ? ನಮ್ಮ ಆಕಾಶವಾಣಿ ಬೆಂಗಳೂರಿನ ಮೀಡಿಯಂ ವೇವ್ 612 ಕಿಲೋಹರ್ಟ್ಸ್. ಅಂದರೆ ಆ ತರಂಗ ಸೆಕೆಂಡಿಗೆ 6 ಲಕ್ಷ 12 ಸಾವಿರ ಸಲ ಕಂಪಿಸುತ್ತದೆ. ಜೋತುಬಿದ್ದ ಕುತ್ತಿಗೆಯನ್ನು ಬಿಗಿ ಮಾಡುತ್ತೇವೆ ಅಂತ ಈಗ ಊರೂರಲ್ಲೂ ಬೋರ್ಡು ಕಾಣುತ್ತದಲ್ಲ, ಆ ರೇಡಿಯೋ ಫ್ರೀಕ್ವೆನ್ಸಿ ಯಂತ್ರಗಳೂ ಇದೇ ಜಾತಿಯವು. ಚಿಕ್ಕದಾಗಿ ಆರ್‌ಎಫ್ ಅನ್ನುತ್ತಾರೆ. ಅವುಗಳಲ್ಲಿ ಹೆಸರು ಮಾಡಿದ ಥರ್ಮೇಜ್ ಎಂಬ ಯಂತ್ರದ ಕರೆಂಟು ಸೆಕೆಂಡಿಗೆ 67 ಲಕ್ಷ 80 ಸಾವಿರ ಸಲ ಕಂಪಿಸುತ್ತದೆ. ಹಾಗಂತ ಮನೆಯ ರೇಡಿಯೋವನ್ನು ಕುತ್ತಿಗೆಗೆ ಒತ್ತಿ ಹಿಡಿಯಬೇಡಿ. ಏನೂ ಆಗಲ್ಲ, ಸುಮ್ನೆ ಕಿವಿ ನೋಯುತ್ತದೆ.

ನಾನು ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಚಿಕಿತ್ಸೆಗೆ ಮುಂಚೆ, ಚಿಕಿತ್ಸೆಯ ಆಮೇಲೆ ಅಂತ ಯಾರಾದರೂ ನಿಮಗೆ ಎರಡು ಫೋಟೋ ತೋರಿಸಿದರೆ ಕುತ್ತಿಗೆ ನೋಡಬೇಡಿ. ಗದ್ದ ಎಲ್ಲಿದೆ ನೋಡಿ.

ಮೊದಲು ಯಂತ್ರದ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಹಬ್ಬದಲ್ಲಿ ತಮಟೆ ಬಾರಿಸುವವರನ್ನು ನೋಡಿದ್ದೀರಿ. ಬಾರಿಸುವ ಮುಂಚೆ ಒಣ ಹುಲ್ಲು ಹಚ್ಚಿ, ಆ ಬೆಂಕಿಗೆ ತಮಟೆ ಹಿಡಿಯುತ್ತಾರೆ. ಕಾವು ತಗುಲಿದ ತೊಗಲು ಬಿಗಿಯಾಗಿ ಟಣ್ ಅನ್ನುತ್ತದೆ. ನಮ್ಮ ಚರ್ಮದೊಳಗೆ ಕಾಲಜನ್ ಅನ್ನುವ ನಾರು ಇದೆ. ಚರ್ಮಕ್ಕೆ ಗಟ್ಟಿತನ ಕೊಡುವುದು ಅದೇ. ಕರೆಂಟು ಒಳಗೆ ಹರಿದಾಗ ಅಲ್ಲಿ ಕಾವು ಹುಟ್ಟುತ್ತದೆ, ಅರವತ್ತು ಡಿಗ್ರಿ ದಾಟಿದರೆ ಆ ನಾರು ಮುದುಡುತ್ತದೆ. ಅದೇ ಹೊತ್ತಿಗೆ ಮೇಲಿನ ಚರ್ಮ ಸುಡದ ಹಾಗೆ ಥರ್ಮೇಜ್‌ನಂಥ ಯಂತ್ರ ತಂಪು ಮಾಡುತ್ತಲೇ ಇರುತ್ತದೆ. ತಮಟೆಗಿಂತ ನಮಗೆ ಒಂದು ಅನುಕೂಲ ಜಾಸ್ತಿ ಇದೆ. ನಮ್ಮದು ಜೀವ ಇರುವ ತೊಗಲು. ಪೆಟ್ಟಾಯಿತು ಅಂತ ತಿಳಿದು ಅದು ಮೂರರಿಂದ ಆರು ತಿಂಗಳು ಹೊಸ ನಾರು ಕಟ್ಟುತ್ತದೆ. ಹಾಗಾಗಿ ಇವತ್ತು ಮಾಡಿಸಿಕೊಂಡು ಇವತ್ತೇ ಕನ್ನಡಿ ನೋಡಿದರೆ ಕಾಣುವುದು ಬರೀ ಊತ.

ಇದೇನು ಮಾಟಮಂತ್ರ ಅಲ್ಲ. 1926ರಲ್ಲಿ ಬಾಸ್ಟನ್‌ನಲ್ಲಿ ಹಾರ್ವೆ ಕುಶಿಂಗ್ ಅನ್ನುವ ಮಿದುಳಿನ ಸರ್ಜನ್, ವಿಲಿಯಂ ಬೋವಿ ಕಟ್ಟಿಕೊಟ್ಟ ಇಂಥದೇ ಕರೆಂಟಿನ ಯಂತ್ರದಿಂದ ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸಿದರು. ಇವತ್ತಿಗೂ ಆಪರೇಷನ್ ಥಿಯೇಟರುಗಳಲ್ಲಿ ಅದರ ಮರಿಮಕ್ಕಳು ಇವೆ. ಸುಕ್ಕಿಗೆ ಅಂತ ಅಮೆರಿಕದ ಎಫ್‌ಡಿಎ, ಅಂದರೆ ಔಷಧಿಗೂ ವೈದ್ಯಕೀಯ ಯಂತ್ರಕ್ಕೂ ಒಪ್ಪಿಗೆ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ, ಥರ್ಮೇಜ್‌ಗೆ ಒಪ್ಪಿಗೆ ಕೊಟ್ಟದ್ದು 2002ರಲ್ಲಿ, ಅದೂ ಕಣ್ಣಿನ ಸುತ್ತ ಮಾತ್ರ. ಉಳಿದ ಜಾಗಗಳಿಗೆ ಒಪ್ಪಿಗೆ ಆಮೇಲೆ ಬಂತು.

ಈಗ ನಮ್ಮ ಚಿಕ್ಕಮ್ಮನ ಕತೆ. ದಾವಣಗೆರೆಯವರು, ಅರವತ್ತಮೂರು ವಯಸ್ಸು. ಮಗನ ಮದುವೆಗೆ ಇನ್ನು ಏಳು ತಿಂಗಳಿತ್ತು. ಒಂದು ಭಾನುವಾರ ಯಾವುದೋ ಕ್ಲಿನಿಕ್ಕಿನ ಪಾಂಪ್ಲೆಟ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ನೋಡು, ಒಂದೇ ಸಿಟ್ಟಿಂಗಿಗೆ ಹೆಂಗಾಗೇತಿ! ನೀನು ಡಾಕ್ಟರ್ ಆಗಿ ಏನು ಉಪಯೋಗ, ಇದನ್ನ ನನಗೆ ಹೇಳಲೇ ಇಲ್ಲ" ಅಂದರು. ಪಾಂಪ್ಲೆಟ್‌ನಲ್ಲಿ ಒಬ್ಬ ಹೆಂಗಸಿನ ಎರಡು ಫೋಟೋ. ಎಡಗಡೆ ಕೋಳಿ ಕತ್ತಿನ ಹಾಗೆ ಜೋತಿದೆ, ಬಲಗಡೆ ನುಣುಪಾಗಿದೆ.

ನಾನು ವಾದ ಮಾಡಲಿಲ್ಲ. ಚಿಕ್ಕಮ್ಮನನ್ನು ಅಡುಗೆಮನೆಯ ಟ್ಯೂಬ್‌ಲೈಟ್ ಕೆಳಗೆ ಕೂರಿಸಿದೆ. "ಸ್ವಲ್ಪ ತಲೆ ಬಗ್ಗಿಸಿ, ಗದ್ದ ಒಳಗೆ ಎಳೆದುಕೊಳ್ಳಿ, ನಗಬೇಡಿ" ಅಂತ ಹೇಳಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಆಮೇಲೆ ಕಾಫಿ ಕುಡಿದೆವು. ಹಾಲ್‌ನ ಕಿಟಕಿ ಎದುರು ಕುರ್ಚಿ ಹಾಕಿದೆ. ಬೆಳಗಿನ ಬೆಳಕು ನೇರ ಮುಖದ ಮೇಲೆ. ಕೂದಲು ಹಿಂದಕ್ಕೆ ಕಟ್ಟಿಸಿದೆ. "ಗದ್ದ ಮೇಲೆ, ಸ್ವಲ್ಪ ಮುಂದೆ, ಈಗ ನಗಿ." ಇನ್ನೊಂದು ಫೋಟೋ. ನಡುವೆ ಕಳೆದದ್ದು ಹತ್ತು ನಿಮಿಷ. ಆದ ಚಿಕಿತ್ಸೆ ಅಂದರೆ ಒಂದು ಲೋಟ ಕಾಫಿ.

ಎರಡನ್ನೂ ಪಕ್ಕಪಕ್ಕ ಇಟ್ಟು, ಕೆಳಗೆ ಏನೂ ಬರೆಯದೆ, ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಬ್ಬಾ! ಒಂದು ಗಂಟೆಯಲ್ಲಿ ನಲವತ್ತು ಮೆಸೇಜು. ಅತ್ತಿಗೆ ಯಾವ ಡಾಕ್ಟರು ಅಂದಳು. ದೊಡ್ಡಪ್ಪ ಎಷ್ಟಾಯಿತು ಅಂತ ಕೇಳಿದರು. ಶಿವಮೊಗ್ಗದ ಸೋದರತ್ತೆ ನೇರ ಫೋನೇ ಮಾಡಿ, ನನಗೂ ಒಂದು ಅಪಾಯಿಂಟ್‌ಮೆಂಟ್ ಹಿಡಿದಿಡು ಅಂದರು. ಕಾಫಿ ಅಂತ ನಾನು ನಿಜ ಹೇಳಿದೆ. ಯಾರೂ ನಂಬಲಿಲ್ಲ! ಸೋದರತ್ತೆ ಇವತ್ತಿಗೂ ನಾನು ಏನೋ ಮುಚ್ಚಿಡುತ್ತಿದ್ದೇನೆ ಅಂದುಕೊಂಡಿದ್ದಾರೆ.

ಗದ್ದ ಎತ್ತಿದರೆ ಕುತ್ತಿಗೆಯ ಚರ್ಮ ಹಿಗ್ಗುತ್ತದೆ, ಅಷ್ಟೇ. ಇದಕ್ಕೆ ಯಂತ್ರ ಬೇಕಿಲ್ಲ.

ಹಾಗಾದರೆ ಆರ್‌ಎಫ್ ಮೋಸವಾ? ಅಲ್ಲ. ದಯವಿಟ್ಟು ಆ ಕಡೆಗೂ ವಾಲಬೇಡಿ. 2004ರಲ್ಲಿ ವಾಷಿಂಗ್ಟನ್‌ನ ಟೀನಾ ಆಲ್‌ಸ್ಟರ್ ಮತ್ತು ಎಲಿಜಬೆತ್ ಟಾಂಜಿ ಅನ್ನುವ ಚರ್ಮವೈದ್ಯರು 50 ಜನರಿಗೆ ಒಂದೊಂದು ಸಲ ಆರ್‌ಎಫ್ ಕೊಟ್ಟರು. ಅವರಲ್ಲಿ 20 ಜನರಿಗೆ ಕುತ್ತಿಗೆಗೆ, ಉಳಿದವರಿಗೆ ಕೆನ್ನೆಗೆ. ಹೆಚ್ಚಿನವರಲ್ಲಿ ಸುಧಾರಣೆ ಕಂಡಿತು. ಒಳ್ಳೆಯದೇ. ಆದರೆ ಲೆಕ್ಕ ಹಾಕಿ: ಇಪ್ಪತ್ತು ಕುತ್ತಿಗೆ. ಹೋಲಿಸಿ ನೋಡಲು ಯಂತ್ರ ಹಚ್ಚದ ಇನ್ನೊಂದು ಗುಂಪು ಇಲ್ಲ. ಅವರೆಲ್ಲರೂ ಚರ್ಮ ಅಷ್ಟಿಷ್ಟು ಸಡಿಲಾದವರು, ಪೂರ್ತಿ ಜೋತುಬಿದ್ದವರಲ್ಲ.

ನನಗೆ ಇಷ್ಟವಾದದ್ದು 2010ರ ಇನ್ನೊಂದು ಅಧ್ಯಯನ. ನ್ಯೂಯಾರ್ಕಿನ ಮ್ಯಾಕ್ರೀನ್ ಅಲೆಕ್ಸಿಯಾಡೆಸ್ ಮಾಡಿದ್ದು. ಸೂಜಿಗಳ ಮೂಲಕ ಆರ್‌ಎಫ್ ತೆಗೆದುಕೊಂಡ 15 ಜನ, ಫೇಸ್‌ಲಿಫ್ಟ್, ಅಂದರೆ ಮುಖದ ಚರ್ಮ ಎಳೆದು ಬಿಗಿ ಮಾಡುವ ಆಪರೇಷನ್, ಮಾಡಿಸಿಕೊಂಡ 6 ಜನ. ಎಲ್ಲರ ಮುಂಚಿನ ಮತ್ತು ಆಮೇಲಿನ ಫೋಟೋಗಳನ್ನು ಇಸ್ಪೀಟಿನ ಹಾಗೆ ಕಲಸಿ, ಯಾವುದು ಯಾವುದು ಅಂತ ಹೇಳದೆ, ಬೇರೆ ಐವರ ಕೈಗೆ ಅಂಕ ಹಾಕಲು ಕೊಟ್ಟರು. ನಮ್ಮ ವಾಟ್ಸಾಪ್ ಗುಂಪಿನ ಹಾಗಲ್ಲ! ಆಪರೇಷನ್ನಿನಿಂದ ಚರ್ಮದ ಸಡಿಲ ಶೇಕಡ 49 ಕಡಿಮೆಯಾಗಿತ್ತು. ಆರ್‌ಎಫ್‌ನಿಂದ ಶೇಕಡ 16. ಆಪರೇಷನ್ ಹದಿನಾರಾಣೆ ಅಂತ ಇಟ್ಟುಕೊಂಡರೆ ಇದು ಐದಾರು ಆಣೆ. ಐದಾರು ಆಣೆಗೆ ಐದಾರು ಆಣೆಯಷ್ಟೇ ಆಸೆ ಇಟ್ಟುಕೊಂಡು ಹೋದರೆ ಬೇಜಾರಾಗಲ್ಲ.

ಚಿಕ್ಕಮ್ಮನ ಕತೆಗೇ ಸಮಯ ಜಾಸ್ತಿ ಹೋಯಿತು. ಇನ್ನು ಬೇಗ ಬೇಗ ಹೇಳುತ್ತೇನೆ.

ಕುತ್ತಿಗೆ ಜೋಲುವುದಕ್ಕೆ ಕಾರಣ ಒಂದೇ ಅಲ್ಲ. ಗದ್ದದಡಿ ಕೊಬ್ಬು ಇರಬಹುದು. ಮಾತಾಡುವಾಗ ಉದ್ದಕ್ಕೆ ಹಗ್ಗದ ಹಾಗೆ ಎದ್ದು ಕಾಣುವುದು ಪ್ಲಾಟಿಸ್ಮಾ ಅನ್ನುವ ಸ್ನಾಯು. ಆ ಹಗ್ಗವನ್ನು ಆರ್‌ಎಫ್ ಮುಟ್ಟುವುದಿಲ್ಲ. ಕುತ್ತಿಗೆ ಕಪ್ಪಾಗಿದೆ, ಬಿಗಿ ಮಾಡಿದರೆ ಬೆಳ್ಳಗಾಗುತ್ತದಾ ಅಂತ ವಾರಕ್ಕೆ ನಾಲ್ಕು ಜನ ಕೇಳುತ್ತಾರೆ. ಆಗುವುದಿಲ್ಲ. ದಪ್ಪಗಾಗಿ ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ಬ್ಯೂಟಿ ಕ್ಲಿನಿಕ್ಕಿಗೆ ಹೋಗುವ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ನುಂಗುವಾಗ ಮೇಲೆ ಕೆಳಗೆ ಆಡುವ ಗಂಟು ಇದ್ದರೆ ಥೈರಾಯ್ಡ್ ತೋರಿಸಿ.

ಆರ್‌ಎಫ್ ಲೇಸರಿನ ಹಾಗೆ ಚರ್ಮದ ಬಣ್ಣವನ್ನು ಹುಡುಕಿಕೊಂಡು ಹೋಗುವುದಿಲ್ಲ. ನಮ್ಮಂಥ ಕಂದು ಚರ್ಮದವರಿಗೆ ಅದು ಲಾಭ. ಆದರೆ ಸುಟ್ಟರೆ ಕಲೆ ನಮಗೇ ಜಾಸ್ತಿ ದಿನ ಉಳಿಯುತ್ತದೆ. ಕುತ್ತಿಗೆಯ ಚರ್ಮ ತೆಳು, ಮುಖದಷ್ಟು ಬೇಗ ಮಾಯುವುದೂ ಇಲ್ಲ. ಸೂಜಿ ಇರುವ ಆರ್‌ಎಫ್‌ನಿಂದ ಸುಟ್ಟ ಗಾಯ, ಕಲೆ, ಚರ್ಮದಡಿಯ ಕೊಬ್ಬು ಕರಗಿ ಗುಳಿ ಬೀಳುವುದು, ನರಕ್ಕೆ ಪೆಟ್ಟು ಇವೆಲ್ಲ ಆದ ದೂರು ಬಂದಿವೆ ಅಂತ 2025ರ ಅಕ್ಟೋಬರಿನಲ್ಲಿ ಎಫ್‌ಡಿಎ ಎಚ್ಚರಿಸಿದೆ. ಆದ್ದರಿಂದ ಸೂಜಿ ಹಿಡಿಯುವವರು ಡಾಕ್ಟರೇ ಅಂತ ಕೇಳಿಕೊಳ್ಳಿ. ನಾಚಿಕೊಳ್ಳಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಆರ್‌ಎಫ್ ಬೇಡವೇ ಬೇಡ. ಇನ್ನೊಂದು, ಸರ, ತಾಳಿ ಎಲ್ಲ ಬಿಚ್ಚಿಡಬೇಕು. ಕರೆಂಟಿನ ಹತ್ತಿರ ಲೋಹ ಇರಬಾರದು. ಹತ್ತು ನಿಮಿಷ ಈ ಬಗ್ಗೆ ಸಮಾಧಾನ ಹೇಳಿಯೇ ನಾವು ಯಂತ್ರ ಹಚ್ಚುವುದು.

ಕ್ಲಿನಿಕ್ಕಿನಲ್ಲಿ ಫೋಟೋ ತೋರಿಸಿದರೆ ಏನು ನೋಡಬೇಕು? ಗದ್ದ. ಆಮೇಲೆ ಬೆಳಕು. ಎಷ್ಟು ತಿಂಗಳಾದ ಮೇಲೆ ತೆಗೆದದ್ದು ಅಂತಲೂ ಕೇಳಿ.

ಚಿಕ್ಕಮ್ಮ ಏನು ಮಾಡಿದರು ಅಂತ ಹೇಳಲೇ ಇಲ್ಲ. ಇಷ್ಟೆಲ್ಲ ಕೇಳಿಯೂ ಮಾಡಿಸಿಕೊಂಡರು, ನನ್ನ ಕೈಯಲ್ಲೇ. ಆರು ತಿಂಗಳಾದ ಮೇಲೆ ಅದೇ ಕುರ್ಚಿ, ಅದೇ ಬೆಳಕು, ಗದ್ದ ಅದೇ ಜಾಗದಲ್ಲಿ ಇಟ್ಟು ಫೋಟೋ ತೆಗೆದೆ. ಚಿಕಿತ್ಸೆಯ ದಿನ ಹಾಗೇ ತೆಗೆದ ಫೋಟೋ ಪಕ್ಕ ಇಟ್ಟು ಗುಂಪಿಗೆ ಹಾಕಿದೆ. ಇಡೀ ದಿನ ಒಂದೇ ಉತ್ತರ ಬಂತು, ದೊಡ್ಡಪ್ಪನದು. "ಒಂದೇ ಫೋಟೋನ ಎರಡು ಸಲ ಯಾಕೆ ಹಾಕಿದ್ದೀಯಮ್ಮ?"

"ನನಗೆ ಗೊತ್ತಾಗತೈತಿ ಬಿಡು" ಅಂದರು ಚಿಕ್ಕಮ್ಮ, ಕನ್ನಡಿ ಮುಂದೆ ಗದ್ದ ಎತ್ತಿಕೊಂಡು.

ನಮಸ್ಕಾರ.