ಜಾಹೀರು ನೋಟಿಸ್ ಯಾರ ಕಣ್ಣಿಗೆ ಬೀಳಬೇಕು?

ಎಲ್ಲರಿಗೂ ನಮಸ್ಕಾರ.

ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದ ಟೀ ಹೋಟೆಲಿಗೆ ಒಂದೇ ಪೇಪರ್ ಬರುತ್ತಿತ್ತು. ಬೆಳಿಗ್ಗೆ ಅದು ಹತ್ತಾರು ಕೈ ದಾಟುತ್ತಿತ್ತು. ಒಳಪುಟದಲ್ಲಿ ಸಣ್ಣ ಅಕ್ಷರದ ಜಾಹೀರು ನೋಟಿಸುಗಳು, ಅಂದರೆ ಜಮೀನು, ಆಸ್ತಿ ವಿಷಯ ಎಲ್ಲರಿಗೂ ತಿಳಿಯಲಿ ಎಂದು ಹಾಕಿಸುವ ಪ್ರಕಟಣೆಗಳು. ನಮ್ಮ ಹೋಬಳಿಯ ಹೆಸರು ಕಂಡರೆ ಯಾರಾದರೂ ಗಟ್ಟಿಯಾಗಿ ಓದುತ್ತಿದ್ದರು. ಸರ್ವೆ ನಂಬರ್ ಆಯಿತು, ಚಕ್ಕುಬಂದಿ ಶುರುವಾಯಿತು ಅನ್ನುವಷ್ಟರಲ್ಲಿ, 'ಅದು ನಮ್ಮ ದೊಡ್ಡಪ್ಪನ ಹೊಲ ಅಲ್ವಾ?' ಎಂದು ಇನ್ಯಾರೋ ಎದ್ದು ನಿಲ್ಲುತ್ತಿದ್ದರು. ಅಕ್ಷರ ಬಾರದವರಿಗೂ ಸುದ್ದಿ ಮುಟ್ಟುತ್ತಿತ್ತು.

ಈಗ ಒಂದು ಮಾತು ಜಾಸ್ತಿ ಕೇಳಿಬರುತ್ತಿದೆ. ಇಂಥ ನೋಟಿಸಿಗೆ ಸರ್ಕಾರ ಪೇಪರ್‌ಗೆ ಯಾಕೆ ದುಡ್ಡು ಸುರಿಯಬೇಕು, ವೆಬ್‌ಸೈಟಿಗೆ ಹಾಕಿದರೆ ಸಾಕು ಎಂದು. ಆ ಮಾತಿನಲ್ಲಿ ಹುರುಳಿದೆ. ಪೇಪರ್ ತರಿಸುವ ಮನೆ ಕಡಿಮೆಯಾಗಿದೆ. ಊರಲ್ಲಿ ಜಮೀನು ಬಿಟ್ಟು ಮುಂಬೈಗೋ ದುಬೈಗೋ ಹೋದವರಿಗೆ ಜಿಲ್ಲಾ ಪತ್ರಿಕೆ ಸಿಗುವುದೇ ಇಲ್ಲ. ಅವರಿಗೆ ಆನ್‌ಲೈನ್ ಒಂದೇ ದಾರಿ. ಹಾಗಾಗಿ ನೋಟಿಸ್ ವೆಬ್‌ಸೈಟಿಗೆ ಬರಲೇಬೇಕು. ಪೇಪರಿನಿಂದ ತೆಗೆದುಬಿಡಿ ಅಂದಾಗ ಮಾತ್ರ ನನಗೆ ಭಯವಾಗುತ್ತದೆ.

ಪೇಪರ್ ತಾನಾಗಿ ಕಣ್ಣಿಗೆ ಬೀಳುತ್ತದೆ. ವೆಬ್‌ಸೈಟನ್ನು ನಾವೇ ಹುಡುಕಿಕೊಂಡು ಹೋಗಬೇಕು. ನನ್ನ ಹೊಲದ ಮೇಲೆ ಏನಾದರೂ ಬಂದಿದೆಯಾ ಎಂದು ದಿನಾ ಬೆಳಿಗ್ಗೆ ಸರ್ಕಾರಿ ಪುಟ ತೆರೆದು ನೋಡುವ ರೈತ ಯಾರಿದ್ದಾರೆ ಹೇಳಿ?

ಇದು ನಮ್ಮ ಕಾನೂನಿಗೂ ಗೊತ್ತಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ, ಸ್ಥಿರಾಸ್ತಿ ಜಪ್ತಿ ಮಾಡುವಾಗ ಆ ಜಾಗದಲ್ಲೋ ಅದರ ಪಕ್ಕದಲ್ಲೋ ಡಂಗುರ ಹೊಡೆಸಬೇಕು, ಇಲ್ಲವೇ ಊರಿನ ರೂಢಿಯಂತೆ ಸಾರಬೇಕು ಎಂದಿದೆ. ಇವತ್ತಿಗೂ ಆ ಮಾತು ಹಾಗೇ ಇದೆ. 2013ರ ಭೂಸ್ವಾಧೀನ ಕಾಯ್ದೆ ನೋಡಿ. ಜಮೀನು ಬೇಕೆಂದು ಮೊದಲು ಹೊರಡಿಸುವ ಪ್ರಾಥಮಿಕ ಅಧಿಸೂಚನೆ ಗೆಜೆಟ್‌ನಲ್ಲಿ, ಅಂದರೆ ಸರ್ಕಾರದ ರಾಜ್ಯಪತ್ರದಲ್ಲಿ ಬರಬೇಕು. ಆ ಭಾಗದಲ್ಲಿ ಓದುವ ಎರಡು ದಿನಪತ್ರಿಕೆಗಳಲ್ಲಿ ಬರಬೇಕು, ಅದರಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಪಂಚಾಯಿತಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಸ್ಥಳೀಯ ಭಾಷೆಯಲ್ಲಿ ಇರಬೇಕು. ಸರ್ಕಾರದ ವೆಬ್‌ಸೈಟಿಗೂ ಹಾಕಬೇಕು. ಜಮೀನು ಹೋಗುವ ಊರುಗಳಲ್ಲೂ ತಿಳಿಸಬೇಕು. ಇಷ್ಟು ಕಡೆ ಯಾಕೆ? ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ಸಿಗಲಿ ಅಂತ. ತಕರಾರು ಹಾಕಲು ಸಿಗುವುದು 60 ದಿನ. ವಿಷಯ ತಿಳಿಯುವುದರಲ್ಲೇ 50 ದಿನ ಕಳೆದರೆ, ಪಹಣಿ ತೆಗೆಸಿ, ವಕೀಲರನ್ನು ಕಂಡು, ಅರ್ಜಿ ಬರೆಸುವುದು ಯಾವಾಗ?

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಸಾಕ್ಷಿಯ ವಿಷಯ. ಪೇಪರಿನಲ್ಲಿ ಅಚ್ಚಾದ ನೋಟಿಸಿಗೆ ತಾರೀಖು ಇರುತ್ತದೆ. ಅದು ಸಾವಿರಾರು ಪ್ರತಿಯಾಗಿ ಊರೂರಿಗೆ ಹೋಗಿರುತ್ತದೆ. ಆಮೇಲೆ ಯಾರೂ ಅದರ ಒಂದು ಅಕ್ಷರ ತಿದ್ದಲಾರರು. ಕೋರ್ಟಿನಲ್ಲಿ ಆ ಹಾಳೆ ತೋರಿಸಬಹುದು. ವೆಬ್‌ಸೈಟು ಹಾಗಲ್ಲ. ಅಲ್ಲಿ ನೋಟಿಸ್ ಕೊಡುವವರೂ ಸರ್ಕಾರದವರೇ, ಪ್ರಕಟಿಸುವವರೂ ಅವರೇ, ಯಾವತ್ತು ಹಾಕಿದೆವು ಎಂದು ಹೇಳುವವರೂ ಅವರೇ. ಪುಟ ಬದಲಾದರೆ, ಲಿಂಕ್ ಕೆಟ್ಟರೆ, ನಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಇನ್ನು ಹುಡುಕುವ ಕಷ್ಟ. ಮುದ್ರೆ ಒತ್ತಿ, ಸಹಿ ಹಾಕಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಬರೀ ಚಿತ್ರ. ಅದರೊಳಗೆ ನಿಮ್ಮ ಊರಿನ ಹೆಸರು ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿದ್ದರೂ ಅದೇ ಪಾಡು. ಕನ್ನಡದಲ್ಲೇ ಇದ್ದರೂ ಕನ್ನಡದಲ್ಲಿ ಹುಡುಕಿದರೆ ಸಿಗದು.

ಅಮೆರಿಕದ ಫ್ಲೋರಿಡಾ ರಾಜ್ಯ 2022ರಲ್ಲಿ ಕಾನೂನು ಬದಲಿಸಿತು. 2023ರ ಜನವರಿಯಿಂದ ಅಲ್ಲಿನ ಸ್ಥಳೀಯ ಸಂಸ್ಥೆಗಳು ಪೇಪರ್ ಬಿಟ್ಟು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ವೆಬ್‌ಸೈಟಿನಲ್ಲಿ ನೋಟಿಸ್ ಹಾಕಬಹುದು. ಊರಿನ ಸಣ್ಣ ಪತ್ರಿಕೆಗಳ ಆದಾಯಕ್ಕೆ ಇದು ಪೆಟ್ಟು, ಅದು ನಿಜ. ಆದರೆ ಆ ಕಾನೂನಿನಲ್ಲಿ ಒಂದು ಒಳ್ಳೆಯ ಮಾತಿದೆ. ಹೆಸರು ನೋಂದಾಯಿಸಿದವರಿಗೆ ನೋಟಿಸನ್ನು ಅಂಚೆಯಲ್ಲೋ ಇಮೇಲ್‌ನಲ್ಲೋ ಕಳಿಸಬೇಕು. ಹೀಗೊಂದು ಸೌಲಭ್ಯ ಇದೆ ಎಂದು ವರ್ಷಕ್ಕೊಮ್ಮೆಯಾದರೂ ಪತ್ರಿಕೆಯಲ್ಲೋ, ಎಲ್ಲರ ಮನೆಗೆ ಮುಟ್ಟುವ ಇನ್ನೊಂದು ಪ್ರಕಟಣೆಯಲ್ಲೋ ತಿಳಿಸಬೇಕು. ಪೇಪರ್ ಬಿಟ್ಟವರೂ ವೆಬ್‌ಸೈಟ್ ಒಂದನ್ನೇ ನಂಬಿ ಕೂರಲಿಲ್ಲ.

ನಮ್ಮಲ್ಲಿ ಹೀಗೆ ನೇರವಾಗಿ ತಿಳಿಸುವುದು ಇನ್ನೂ ಸುಲಭ. ಭೂಮಿ ಯೋಜನೆ 2000ದ ಹೊತ್ತಿಗೇ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಯಾವ ಸರ್ವೆ ನಂಬರ್ ಯಾರದು ಎಂದು ಸರ್ಕಾರಕ್ಕೆ ಗೊತ್ತು. ಆ ನಂಬರಿನ ಮೇಲೆ ನೋಟಿಸ್ ಬಂದ ದಿನವೇ ಖಾತೆದಾರರ ಮೊಬೈಲಿಗೆ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಲು ಏನಡ್ಡಿ? ಅದು ಪಕ್ಕಾ ಆಗುವವರೆಗೆ ಪೇಪರಿನ ನೋಟಿಸ್ ನಿಲ್ಲಿಸಬಾರದು.

ನೀವು ಒಂದು ಕೆಲಸ ಮಾಡಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸ್ಪಷ್ಟವಾಗಿದೆ. ಮಾಹಿತಿ ಕೊಡುವಾಗ ಸ್ಥಳೀಯ ಭಾಷೆ ಯಾವುದು, ಆ ಊರಿಗೆ ಯಾವ ರೀತಿ ಚೆನ್ನಾಗಿ ಮುಟ್ಟುತ್ತದೆ ಎಂದು ನೋಡಬೇಕು ಎನ್ನುತ್ತದೆ. ನೋಟಿಸ್ ಬೋರ್ಡು, ಪತ್ರಿಕೆ, ಇಂಟರ್‌ನೆಟ್ ಮೂರನ್ನೂ ಹೆಸರಿಸುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಹಿಡಿದು ಕೇಳಿ. ಈ ವರ್ಷ ನಮ್ಮ ಊರಿನ ಬಗ್ಗೆ ಎಷ್ಟು ನೋಟಿಸ್ ಬಂದಿವೆ, ಪ್ರತಿಯೊಂದೂ ಯಾವ ತಾರೀಖಿನಲ್ಲಿ ಎಲ್ಲೆಲ್ಲಿ ಪ್ರಕಟವಾಯಿತು ಎಂದು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ಪಡೆದುಕೊಳ್ಳಿ.