ರೂಟರ್‌ಗೆ ಇರೋ ಇನ್ನೊಂದು ಪಾಸ್‌ವರ್ಡ್

ನಮಸ್ಕಾರ. ಮನೆಗೆ ವೈಫೈ ಬಂದ ದಿನ ಒಂದು ಪಾಸ್‌ವರ್ಡ್ ಬರೆದಿಟ್ಕೋತೀವಿ, ಫೋನಿಗೆ ಹಾಕ್ತೀವಿ, ಟಿವಿಗೆ ಹಾಕ್ತೀವಿ, ಬಂದ ನೆಂಟರಿಗೂ ಹೇಳ್ತೀವಿ, ಆಮೇಲೆ ಆ ರೂಟರ್ ಕಡೆ ತಿರುಗಿ ನೋಡೋದು ನೆಟ್ ಹೋದಾಗ್ಲೇ. ಆದ್ರೆ ಅದಕ್ಕೆ ಇನ್ನೊಂದು ಪಾಸ್‌ವರ್ಡ್ ಇದೆ, ರೂಟರ್‌ನ ಸೆಟ್ಟಿಂಗ್ಸ್ ಒಳಗೆ ಹೋಗೋಕೆ ಬೇಕಾದ್ದು. ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂದ್ಕೊಂಡಿರೋದು ಅದನ್ನೇ.

ಬ್ರೌಸರ್‌ನಲ್ಲಿ 192.168.1.1 ಅಂತ ಟೈಪ್ ಮಾಡಿ ನೋಡಿ, ಕೆಲವು ರೂಟರ್‌ಗಳಲ್ಲಿ 192.168.0.1 ಇರುತ್ತೆ, ಸಾಮಾನ್ಯವಾಗಿ ರೂಟರ್ ತಿರುಗಿಸಿದ್ರೆ ಹಿಂದಿನ ಸ್ಟಿಕ್ಕರ್ ಮೇಲೇ ಬರೆದಿರ್ತಾರೆ. ಲಾಗಿನ್ ಕೇಳುತ್ತೆ. ಹಳೇ ರೂಟರ್‌ಗಳಲ್ಲಿ ಎಷ್ಟೋ ಕಡೆ ಯೂಸರ್‌ನೇಮ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಹರಡಿತಲ್ಲ, ಅದು ಹರಡಿದ್ದೇ ಹೀಗೆ, ಕಂಪನಿಯಿಂದ ಬಂದಾಗ ಇರೋ ಇಂಥ ಯೂಸರ್‌ನೇಮ್ ಪಾಸ್‌ವರ್ಡ್ ಜೋಡಿಗಳು ಒಂದು 60 ಅದರ ಹತ್ರ ಇದ್ವು, ಒಂದೊಂದೇ ಹಾಕಿ ನೋಡ್ತಿತ್ತು ಅಷ್ಟೆ. ಕ್ಯಾಮೆರಾ, ರೂಟರ್ ಎಲ್ಲ ಸೇರಿ ಲಕ್ಷಾಂತರ ಸಾಧನ ಅದರ ಕೈಗೆ ಸಿಕ್ಕವು. ಆ ವರ್ಷ ಅಕ್ಟೋಬರ್ 21ಕ್ಕೆ ಅವುಗಳಿಂದಲೇ ಡೈನ್ ಅನ್ನೋ ಡಿಎನ್‌ಎಸ್ ಕಂಪನಿ, ಅಂದ್ರೆ ಸೈಟಿನ ಹೆಸರು ಹಾಕಿದ್ರೆ ಅದು ಎಲ್ಲಿದೆ ಅಂತ ಹೇಳೋ ಕಂಪನಿ, ಅದರ ಮೇಲೆ ದಾಳಿ ಆಗಿ ಟ್ವಿಟರ್, ನೆಟ್‌ಫ್ಲಿಕ್ಸ್ ಥರದ ಸೈಟುಗಳೇ ಎಷ್ಟೋ ಜನಕ್ಕೆ ಸಿಗದೇ ಹೋದ್ವು. ತಮ್ಮ ಮನೆ ಸಾಧನ ಅದರಲ್ಲಿ ಸೇರಿದೆ ಅಂತ ಅದನ್ನ ಇಟ್ಕೊಂಡವರಿಗೇ ಗೊತ್ತಿಲ್ಲ.

ಈಗ ಅಡ್ರೆಸ್ ವಿಷಯ. 192.168 ಇಂದ ಶುರುವಾಗೋ ನಂಬರು ಖಾಸಗಿ ಬಳಕೆಗೆ ಅಂತ ಮೀಸಲಿಟ್ಟಿದ್ದು, ಹಾಗಾಗಿ ಅದೇ ನಂಬರು ಎಷ್ಟು ಮನೆಗಳಲ್ಲಿ ಇದ್ರೂ ತೊಂದ್ರೆ ಇಲ್ಲ. ನೆಟ್‌ನಲ್ಲಿ ಅಡ್ರೆಸ್ ಕೊಡೋ ಪದ್ಧತಿಗೆ ಐಪಿ ಅಂತಾರೆ, ಅದರ ನಾಲ್ಕನೇ ಆವೃತ್ತಿಯಲ್ಲಿ ಇರೋದೇ ಸುಮಾರು 430 ಕೋಟಿ ಅಡ್ರೆಸ್, ಪ್ರತಿ ಫೋನಿಗೂ ಒಂದೊಂದು ಕೊಡೋಕೆ ಸಾಲಲ್ಲ, ಅದಕ್ಕೇ ಮನೆ ಒಳಗೆ ಈ ಖಾಸಗಿ ನಂಬರು, ಹೊರಗಡೆಗೆ ಎಲ್ಲರಿಗೂ ಸೇರಿ ಒಂದೇ ನಂಬರು, ನಡುವೆ ನಿಂತು ಬದಲಾಯಿಸಿ ಕೊಡೋದು ರೂಟರ್.

ಒಳಗಿನ ನಂಬರು ಹಂಚೋದು ರೂಟರ್ ಒಳಗಿರೋ ಡಿಎಚ್‌ಸಿಪಿ ಅನ್ನೋ ವ್ಯವಸ್ಥೆ. ನಮ್ಮ ಮನೇಲಿ ಒಂದ್ಸಲ ಪ್ರಿಂಟರ್ ಒಂದಿನ ಇದ್ರೆ ಇನ್ನೊಂದಿನ ಇಲ್ಲ ಅನ್ನೋ ಹಾಗಾಗಿತ್ತು, ಕೇಬಲ್ ಬದಲಾಯಿಸಿದೆ, ಡ್ರೈವರ್ ತೆಗೆದು ಹಾಕಿದೆ, ಕೊನೆಗೆ ನೋಡಿದ್ರೆ ಪ್ರಿಂಟರ್‌ಗೆ ನಾನೇ ಫಿಕ್ಸ್ ಮಾಡಿದ್ದ 192.168.1.105 ಅನ್ನೋ ನಂಬರನ್ನೇ ರೂಟರ್ ಯಾವುದೋ ಫೋನಿಗೂ ಕೊಡ್ತಿತ್ತು. ರೂಟರ್ ಕೊನೇ ಭಾಗದಲ್ಲಿ 100ರಿಂದ 200ರ ತನಕ ಹಂಚುತ್ತೆ ಅಂತ ಇದ್ರೆ ನೀವು ಕೈಯಾರೆ ಫಿಕ್ಸ್ ಮಾಡೋ ನಂಬರು ಅದರ ಹೊರಗಡೆ ಇರ್ಲಿ, ಇಲ್ಲ ಅಂದ್ರೆ ಅಡ್ರೆಸ್ ರಿಸರ್ವೇಷನ್ ಅಂತ ಇರುತ್ತೆ, ಅದರಲ್ಲಿ ಪ್ರಿಂಟರ್‌ನ ಮ್ಯಾಕ್ ಅಡ್ರೆಸ್, ಅಂದ್ರೆ ಆ ಸಾಧನಕ್ಕೇ ಇರೋ ಗುರುತಿನ ನಂಬರು, ಹಾಕಿ, ಇದೇ ಒಳ್ಳೇದು.

ಆದ್ರೆ ಡಿಎಚ್‌ಸಿಪಿ ಕೊಡೋದು ಬರೀ ನಂಬರಲ್ಲ, ಡಿಎನ್‌ಎಸ್ ಯಾವುದು ಅಂತಾನೂ ಹೇಳುತ್ತೆ, ಅಂದ್ರೆ ಸೈಟಿನ ಹೆಸರು ಹಾಕಿದ್ರೆ ಅದು ಎಲ್ಲಿದೆ ಅಂತ ಯಾರನ್ನ ಕೇಳ್ಬೇಕು ಅನ್ನೋದನ್ನ. ಯಾರಾದ್ರೂ ರೂಟರ್ ಒಳಗೆ ನುಗ್ಗಿ ಆ ಒಂದು ಸಾಲು ಬದಲಾಯಿಸಿದ್ರೆ ಸಾಕು, ಫೋನಲ್ಲಿ ಯಾವ ವೈರಸ್ಸೂ ಇರಲ್ಲ, ಆದ್ರೂ ನಿಮ್ಮನ್ನ ಬೇರೆ ಸೈಟಿಗೆ ಕರ್ಕೊಂಡು ಹೋಗ್ಬಹುದು. ನನಗೆ ಭಯ ಆಗೋದು ಇಲ್ಲೇ. ಅದಕ್ಕೇ ಹೇಳ್ತಿರೋದು, ವೈಫೈ ಪಾಸ್‌ವರ್ಡ್‌ಗಿಂತ ಮುಂಚೆ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಎರಡೂ ಒಂದೇ ಇರ್ಬಾರ್ದು, ನೆಂಟರಿಗೆ ಹೇಳೋದು ಒಂದೇ ತಾನೆ. ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಇದ್ರೆ ಆಫ್ ಮಾಡಿ, ಮನೆ ಹೊರಗಿಂದ ಲಾಗಿನ್ ಆಗೋ ಅಗತ್ಯ ಹೆಚ್ಚಿನವರಿಗೆ ಇರಲ್ಲ.

ವೈಫೈ ಸೆಕ್ಯುರಿಟಿ ಯಾವುದು ಅಂತ ಆರಿಸೋ ಕಡೆ ಡಬ್ಲ್ಯೂಪಿಎ 3 ಇದ್ರೆ ಅದು, ಇಲ್ಲ ಅಂದ್ರೆ ಎಇಎಸ್ ಅನ್ನೋ ಗೂಢಲಿಪಿ ಇರೋ ಡಬ್ಲ್ಯೂಪಿಎ 2. ಹಳೇ ಡಬ್ಲ್ಯೂಇಪಿ ಬೇಡ್ವೇ ಬೇಡ, 2001ರಲ್ಲೇ ಮುರಿದು ತೋರಿಸಿದ್ದಾರೆ. ಪಾಸ್‌ವರ್ಡ್ ಬದಲು ಪಿನ್ ಹಾಕಿ ವೈಫೈಗೆ ಸೇರಿಸೋ ಡಬ್ಲ್ಯೂಪಿಎಸ್ ಪಿನ್ ಕೂಡ ಆಫ್ ಮಾಡಿ, 8 ಅಂಕಿ ಇದೆಯಲ್ಲ ಗಟ್ಟಿ ಅನ್ಸುತ್ತೆ, ಆದ್ರೆ ಅದನ್ನ ಎರಡು ಭಾಗ ಮಾಡಿ ಬೇರೆ ಬೇರೆಯಾಗಿ ಪರೀಕ್ಷಿಸುತ್ತೆ, ಕೊನೇ ಅಂಕಿ ಬೇರೆ ಬರೀ ಲೆಕ್ಕ ತಾಳೆ ನೋಡೋಕೆ, ಹಾಗಾಗಿ ಹೆಚ್ಚಂದ್ರೆ 11,000 ಸಲ ಪ್ರಯತ್ನಪಟ್ರೆ ಸಿಕ್ಕಿಬಿಡುತ್ತೆ. ಫರ್ಮ್‌ವೇರ್, ಅಂದ್ರೆ ರೂಟರ್ ಒಳಗಿನ ಸಾಫ್ಟ್‌ವೇರ್, ಅದಕ್ಕೆ ಅಪ್‌ಡೇಟ್ ಬಂದಿದ್ರೆ ಹಾಕಿ.

ಇನ್ನೊಂದು, ರೂಟರ್‌ನ ಐಪಿಯನ್ನೇ ಬದಲಾಯಿಸಿದ್ರೆ ಸೇವ್ ಕೊಟ್ಟ ತಕ್ಷಣ ಆ ಪೇಜ್ ನಿಂತುಹೋಗುತ್ತೆ, ಕೆಟ್ಟಿಲ್ಲ, ವೈಫೈ ಆಫ್ ಮಾಡಿ ಆನ್ ಮಾಡಿ ಹೊಸ ಅಡ್ರೆಸ್ ಹಾಕಿ. ಮತ್ತೆ ರಿಪೇರಿಗೆ ಬಂದವರು ಪಿನ್ ಚುಚ್ಚಿ ರೀಸೆಟ್ ಮಾಡಿದ್ರೆ ಇದೆಲ್ಲ ಹೋಗಿ ಹಳೇ ಪಾಸ್‌ವರ್ಡೇ ವಾಪಸ್ ಬರುತ್ತೆ, ಅವರು ಹೋದ ಮೇಲೆ ಅವತ್ತೇ ಕೂತು ಮತ್ತೆ ಬದಲಾಯಿಸಿ. ನಮಸ್ಕಾರ.