ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಿ

ಹಿರಿಯರಿಗೆಲ್ಲ ನಮಸ್ಕಾರ.

ಮುಂಬೈಯ ನಮ್ಮವರ ಮನೆಗಳಲ್ಲಿ ಒಂದು ಮಾತನ್ನು ಆಗಾಗ ಕೇಳುತ್ತೇನೆ. "ಮಗನಿಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದೇನೆ ವಕೀಲರೇ. ನಾಳೆ ನನಗೆ ನೆನಪು ಹೋದರೂ ಅವನು ಎಲ್ಲ ನೋಡಿಕೊಳ್ಳುತ್ತಾನೆ." ಮುಲುಂಡ್‌ನಲ್ಲೂ ಕೇಳಿದ್ದೇನೆ, ಡೊಂಬಿವಲಿಯಲ್ಲೂ ಕೇಳಿದ್ದೇನೆ. ಹೀಗೆ ನಂಬಿ ನಿಶ್ಚಿಂತೆಯಿಂದ ಇರುವವರಿಗೆ ಇವತ್ತು ನಾನು ಕಹಿ ಸುದ್ದಿಯನ್ನೇ ಹೇಳಬೇಕು. ನಿಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಆ ಪತ್ರ ನಿಮಗೆ ಜಾಸ್ತಿ ಬೇಕಾಗುವ ಹೊತ್ತಿಗೇ ಅದರ ಜೀವ ಹೋಗಿರುತ್ತದೆ.

ಇದು 1872ರ ಕರಾರು ಕಾಯ್ದೆಯ 201ನೇ ಕಲಂನಲ್ಲಿದೆ. ಅಧಿಕಾರ ಕೊಟ್ಟವರು ತೀರಿಕೊಂಡರೆ ಪತ್ರ ಮುಗಿಯಿತು. ಇದು ಎಲ್ಲರಿಗೂ ಗೊತ್ತು. ಅವರ ಬುದ್ಧಿ ಸ್ವಾಧೀನ ತಪ್ಪಿದರೂ ಮುಗಿಯಿತು. ಇದು ತುಂಬಾ ಜನರಿಗೆ ಗೊತ್ತಿಲ್ಲ. ನೀವೇ ಮಾಡಲಾಗದ ಕೆಲಸವನ್ನು ನಿಮ್ಮ ಪರವಾಗಿ ಇನ್ನೊಬ್ಬರು ಮಾಡುವುದು ಹೇಗೆ ಎಂಬುದು ಕಾನೂನಿನ ಪ್ರಶ್ನೆ.

ಲಂಡನ್‌ನಲ್ಲಿರುವ ಮಗ ಫೋನಿನಲ್ಲಿ ಬೇರೆ ಹೇಳುತ್ತಾನೆ, ಅದೂ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಕೆಳಗೆ 'ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ' ಇದೆ. ನೆನಪು ಹೋದ ಮೇಲೂ ಅದು ನಡೆಯುತ್ತದೆ. ಅಂಥದ್ದು ನಮ್ಮಲ್ಲಿ ಇಲ್ಲ. ಇರಬೇಕಿತ್ತು. ಸಂಸತ್ತು ಇದನ್ನು ಬೇಗ ಮಾಡಬೇಕು ಎಂದು ನಾನು ಸಿಕ್ಕಿದಲ್ಲೆಲ್ಲ ಹೇಳುತ್ತೇನೆ.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗೋರೆಗಾಂವ್‌ನಲ್ಲಿ ಅಪ್ಪನ ಹೆಸರಿನ ಫ್ಲಾಟ್ ಇದೆ. ಅಪ್ಪನಿಗೆ ಡಿಮೆನ್ಶಿಯಾ, ಮಗಳನ್ನೇ ಗುರುತು ಹಿಡಿಯುವುದಿಲ್ಲ. ಹಗಲು ಒಬ್ಬರು, ರಾತ್ರಿ ಒಬ್ಬರು ನೋಡಿಕೊಳ್ಳಲು ಬೇಕು. ಖರ್ಚು ತಡೆಯಲಾಗದೆ ಮಗ ಹಳೆಯ ಪತ್ರ ತೋರಿಸಿ ಫ್ಲಾಟ್ ಮಾರುತ್ತಾನೆ. ಅವನ ಮನಸ್ಸಿನಲ್ಲಿ ಮೋಸ ಇಲ್ಲ. ಆದರೆ ಮುಂದೆ ಯಾರಾದರೂ ಡಾಕ್ಟರ ಕಾಗದ ಹಿಡಿದು ಕೋರ್ಟಿಗೆ ಹೋದರೆ, ಕೊಂಡವರೂ ಮಾರಿದವರೂ ಇಬ್ಬರೂ ಸಿಕ್ಕಿಬೀಳುತ್ತಾರೆ.

ಹಾಗಾದರೆ ಅವನು ಏನು ಮಾಡಬೇಕಿತ್ತು? ಹೈಕೋರ್ಟಿಗೆ ಹೋಗಬೇಕಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿ ನೋಡಿಕೊಳ್ಳಲು ಜಿಲ್ಲಾ ಕೋರ್ಟಿನಲ್ಲೇ ದಾರಿ ಇತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ಚಿಕಿತ್ಸೆಯ ವಿಷಯದಲ್ಲಿ ಒಳ್ಳೆಯದು. ನಮ್ಮ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ನಾವೇ ಮೊದಲೇ ಹೆಸರಿಸಬಹುದು. ಆದರೆ ಆಸ್ತಿಯ ಭಾಗ ಅದರಲ್ಲಿ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ತೊಂದರೆ ಇರುವವರಿಗೆ, ಮರೆವಿನ ಕಾಯಿಲೆಯ ಅಜ್ಜನಿಗಲ್ಲ. ಹೀಗಾಗಿ ಸಂವಿಧಾನದ 226ನೇ ವಿಧಿಯ ಕೆಳಗೆ ಹೈಕೋರ್ಟೇ ಪೋಷಕರನ್ನು, ಅಂದರೆ ಅವರ ಪರವಾಗಿ ಎಲ್ಲ ನೋಡಿಕೊಳ್ಳುವವರನ್ನು, ನೇಮಿಸಬೇಕಾಗಿದೆ. ಕೋಮಾದಲ್ಲಿರುವವರಿಗಾಗಿ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿ ಕೊಟ್ಟಿತು. ಬಾಂಬೆ ಹೈಕೋರ್ಟ್ ಕೂಡ ಇಂಥ ಅರ್ಜಿಗಳಲ್ಲಿ ಹೆಂಡತಿಯನ್ನೋ ಮಕ್ಕಳನ್ನೋ ಪೋಷಕರನ್ನಾಗಿ ಮಾಡಿದೆ. ಆದರೆ ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು ಹೈಕೋರ್ಟ್ ಇರುವ ಫೋರ್ಟ್‌ಗೆ ಓಡಾಡುವುದು ಸುಲಭವಾ? ವಕೀಲರ ಫೀಸು ಬೇರೆ.

ಇನ್ನೊಂದು ಕಡೆಯ ಅನ್ಯಾಯವನ್ನೂ ಹೇಳಬೇಕು. "ಅರವತ್ತಕ್ಕೆ ಅರಳು ಮರಳು" ಎನ್ನುತ್ತಾ ಹಿರಿಯರ ಮಾತನ್ನು ತಳ್ಳಿಹಾಕುವ ಮಕ್ಕಳಿದ್ದಾರೆ. ಡಾಕ್ಟರು ಅಲ್ಜೈಮರ್ ಎಂದು ಬರೆದ ಮಾತ್ರಕ್ಕೆ ಸಹಿ ಮಾಡುವ ಹಕ್ಕು ಹೋಗುವುದಿಲ್ಲ. ಸಹಿ ಮಾಡುವ ಹೊತ್ತಿಗೆ ಆ ವ್ಯವಹಾರ ಅರ್ಥವಾಗುತ್ತದಾ, ಅದರಿಂದ ತನಗೆ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗಿ ನೋಡಲು ಆಗುತ್ತದಾ, ಇಷ್ಟನ್ನೇ ಕರಾರು ಕಾಯ್ದೆಯ 12ನೇ ಕಲಂ ಕೇಳುತ್ತದೆ. ಬುದ್ಧಿ ಒಮ್ಮೆ ಮಂಕಾಗಿ ಒಮ್ಮೆ ತಿಳಿಯಾಗುವವರು ತಿಳಿಯಾದ ಹೊತ್ತಿನಲ್ಲಿ ಕರಾರು ಮಾಡಬಹುದು, ವಿಲ್ ಬರೆಯಬಹುದು. ಪ್ರಧಾನಿಯ ಹೆಸರು ನೆನಪಿಲ್ಲದ ಅಜ್ಜಿಗೆ ತನ್ನ ಬಳೆ ಯಾವ ಮೊಮ್ಮಗಳಿಗೆ ಹೋಗಬೇಕು ಎಂಬುದು ಚೆನ್ನಾಗಿಯೇ ಗೊತ್ತಿರಬಹುದು, ಅಲ್ವಾ? ಕೈ ನಡುಗುವುದಂತೂ ಬುದ್ಧಿಯ ವಿಷಯವೇ ಅಲ್ಲ. ಸಹಿ ಮಾಡಲಾಗದ ಖಾತೆದಾರರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನವರೇ ಆಗಿರಬೇಕು.

ಹಾಗಾಗಿ ಈಗಲೇ ಮಾಡುವ ಕೆಲಸ ಏನು? ನಂಬುವವರ ಜೊತೆ ಒಂದು ಜಂಟಿ ಖಾತೆ ಇಡಿ, ಯಾರಾದರೊಬ್ಬರ ಸಹಿ ಸಾಕು ಎಂಬಂಥದ್ದು. ಅದರಲ್ಲಿ ಔಷಧಿ, ಮನೆ ಖರ್ಚಿಗೆ ಬೇಕಾದಷ್ಟೇ ಇರಲಿ. ವಿಲ್ ಬರೆಯಿರಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ವಯಸ್ಸು ಜಾಸ್ತಿಯಾಗಿದ್ದರೆ ಅದೇ ದಿನ ಡಾಕ್ಟರಿಂದ ಒಂದು ಸರ್ಟಿಫಿಕೇಟ್ ತೆಗೆದುಕೊಳ್ಳಿ. ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ, ಆದರೆ ಮುಂದೆ ಜಗಳ ಬಂದರೆ ನಿಮ್ಮ ಮಾತಿಗೆ ಅದೇ ಬೆಂಬಲ.

ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವವರು ದಯವಿಟ್ಟು ಕೇಳಿ. "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳದಿದ್ದರೆ ಆ ದಾನವನ್ನು ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಕೆಲಸ ಕಷ್ಟ ಎಂದು ಸುಪ್ರೀಂ ಕೋರ್ಟಿನ 2022ರ ತೀರ್ಪು ತೋರಿಸುತ್ತದೆ. ನಾಚಿಕೆಗೆ ಬಿಟ್ಟುಬಿಡುವ ಆ ಒಂದು ಸಾಲಿಗಾಗಿ ಎಷ್ಟೋ ತಾಯಂದಿರು ಅತ್ತಿದ್ದಾರೆ.

ಕೊನೆಯದಾಗಿ ಊರಿನ ಜಮೀನು. ಉಡುಪಿ, ಕುಂದಾಪುರದ ಕಡೆ ಭಾವನಿಗೋ ಚಿಕ್ಕಪ್ಪನ ಮಗನಿಗೋ ವರ್ಷಗಳ ಹಿಂದೆ ಪವರ್ ಬರೆದುಕೊಟ್ಟು ಮರೆತವರು ಇಲ್ಲೇ ಎಷ್ಟೋ ಜನ ಇದ್ದೀರಿ. ಅದು ಇನ್ನು ಬೇಡ ಅನ್ನಿಸಿದರೆ ಸುಮ್ನೆ ಫೋನ್ ಮಾಡಿ ಹೇಳಿದರೆ ಸಾಲದು. ರದ್ದತಿ ಪತ್ರ ಬರೆಸಿ, ಹಳೆಯದು ನೋಂದಣಿ ಆಗಿದ್ದರೆ ಇದನ್ನೂ ನೋಂದಣಿ ಮಾಡಿಸಿ. ಅವರಿಗೆ ಬರಹದಲ್ಲಿ ತಿಳಿಸಿ, ಅವರು ವ್ಯವಹಾರ ಮಾಡುವ ಬ್ಯಾಂಕಿಗೂ ಕಚೇರಿಗೂ ತಿಳಿಸಿ. ರದ್ದಾದ ಸಂಗತಿ ಗೊತ್ತಿಲ್ಲದೆ ಅವರೊಡನೆ ವ್ಯವಹಾರ ಮಾಡಿದ ಮೂರನೆಯವರನ್ನು ಕಾನೂನು ಕಾಪಾಡುತ್ತದೆ, ನಷ್ಟ ನಿಮ್ಮ ತಲೆಗೆ ಬರುತ್ತದೆ. ಮನೆಯಲ್ಲಿ ಅಂಥ ಪತ್ರದ ಪ್ರತಿ ಇದ್ದರೆ ತನ್ನಿ, ಕೂತು ಓದಿ ಹೇಳುತ್ತೇನೆ. ಅದಕ್ಕೆ ಫೀಸು ಬೇಡ.